ಅಜ್ಜಿಯನ್ನು ಕೇಳಿದವರು

ಈ ಸಂಚಿಕೆಗೆ ನಾವು ಆರಿಸಿಕೊಂಡಿರುವ ವಿಷಯವನ್ನು ಕೇಳಿ ಮಿತ್ರರೊಬ್ಬರು ನಕ್ಕರು. ತ್ರಿಪ್ಲಿಕೇನಿನ ಕನ್ನಡಿಗರಿಗೂ ಇಥಿಯೋಪಿಯದ ಲೇಖಕಿಯರಿಗೂ ಏನು ನಂಟು ಎಂಬುದು ಅವರ ಪ್ರಶ್ನೆ. ನಂಟು ಇಲ್ಲದೆ ಇಲ್ಲ. ಹಬಶಿಗಳೆಂಬ ಹೆಸರಿನಿಂದ ಆ ಕಡೆಯವರು ಬಿಜಾಪುರದ ಆದಿಲಶಾಹಿ ದರ್ಬಾರಿನಲ್ಲಿ ಮಂತ್ರಿಪದವಿಯವರೆಗೆ ಏರಿದ್ದುದನ್ನು ಇತಿಹಾಸ ಓದಿದ ವಾಚಕರು ಬಲ್ಲರು. ನಾವು ದೋಸೆಗೆ ಮಾಡುವಂತೆ ಹಿಟ್ಟನ್ನು ಹುಳಿ ಬರಿಸಿ ಕಾವಲಿಯ ಮೇಲೆ ಹುಯ್ಯುವ ಇಂಜೆರಾ ಅಲ್ಲಿಯವರ ನಿತ್ಯದ ಆಹಾರ. ಇನ್ನು ಕಾಫಿ! ಬೆಳಿಗ್ಗೆ ಡಿಕಾಕ್ಷನ್ ಇಳಿಯುವ ತನಕ ಮಾತೇ ಹೊರಡದ ನಮ್ಮಂಥವರು ಆ ಗಿಡದ ತವರೂರನ್ನು ಪರದೇಶವೆನ್ನುವುದು ಕೃತಘ್ನತೆಯೇ ಸರಿ.

1974ರಲ್ಲಿ ಆ ದೇಶದ ಚಕ್ರವರ್ತಿ ಹೈಲೆ ಸೆಲಾಸಿ ಪದಚ್ಯುತನಾದ ಮೇಲೆ ಬಂದ ಸೈನಿಕ ಆಡಳಿತಕ್ಕೆ ಅಂಜಿ ಸಾವಿರಾರು ಮಂದಿ ಊರು ಬಿಟ್ಟರು. ಹಾಗೆ ಹೊರಬಿದ್ದ ಮನೆಗಳ ಹೆಣ್ಣುಮಕ್ಕಳು ಬೆಳೆದು ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ ನೆಲೆಸಿ, ಇಂಗ್ಲಿಷಿನಲ್ಲಿ ಬರೆಯತೊಡಗಿದರು. ರೆಬೆಕ್ಕಾ ಹೈಲೆ ಇಪ್ಪತ್ತೈದು ವರ್ಷದ ಮೇಲೆ ಹುಟ್ಟಿದೂರಿಗೆ ಮರಳಿದ ಕಥೆಯನ್ನು 2007ರಲ್ಲಿ ಪ್ರಕಟಿಸಿದರು. ಮಾಜಾ ಮೆಂಗಿಸ್ಟೆಯವರು ಮಗುವಾಗಿದ್ದಾಗಲೇ ಅಡಿಸ್ ಅಬಾಬ ಬಿಟ್ಟವರು. ಅವರ ‘ದಿ ಶ್ಯಾಡೋ ಕಿಂಗ್’ ಕಾದಂಬರಿ 2019ರದು. ಮರುವರ್ಷ ಬೂಕರ್ ಪ್ರಶಸ್ತಿಯ ಕೊನೆಯ ಸುತ್ತಿಗೆ ಬಂದಿತ್ತು. 1935ರಲ್ಲಿ ಇಟಲಿಯ ಸೈನ್ಯ ನುಗ್ಗಿದಾಗ ಬಂದೂಕು ಹಿಡಿದ ಹೆಂಗಸರ ಕಥೆ ಅದು. ಲೇಖಕಿ ಹಳೆಯ ಕಾಗದಪತ್ರ, ಭಾವಚಿತ್ರಗಳನ್ನೆಲ್ಲ ವರ್ಷಗಟ್ಟಲೆ ಶೋಧಿಸಿದ ಬಳಿಕ, ಬಹಳ ತಡವಾಗಿ, ತಾಯಿಯ ಬಾಯಿಂದ ಒಂದು ಸಂಗತಿ ಹೊರಬಿತ್ತು. ತಮ್ಮ ಮುತ್ತಜ್ಜಿಯೇ ತಂದೆಯ ಬಂದೂಕಿಗಾಗಿ ವ್ಯಾಜ್ಯ ಹೂಡಿ, ಗೆದ್ದು, ಆ ಯುದ್ಧಕ್ಕೆ ಹೋಗಿದ್ದಳಂತೆ! ಇಷ್ಟು ದಿನ ಏಕೆ ಹೇಳಲಿಲ್ಲವೆಂದರೆ, ಯಾರೂ ಕೇಳಿರಲಿಲ್ಲ. ಅರ್ಜಿ ಬಾರದೆ ಕಡತ ಮೇಲೇಳುವುದಿಲ್ಲವೆಂಬುದು ಗುಮಾಸ್ತರಾದ ನಮಗೆ ಹೊಸದಲ್ಲ. ಮನೆಯೊಳಗೂ ಅದೇ ಕಾನೂನು ನಡೆಯುತ್ತಿದೆಯೆಂಬುದು ಮಾತ್ರ ನಮ್ಮ ಮನಸ್ಸಿಗೆ ತಟ್ಟಿತು.

ಆದರೆ ನಮಗೆ ಹೆಚ್ಚು ಮೆಚ್ಚಾದುದು ಐದಾ ಎದೆಮರಿಯಂ ಅವರ ‘ದಿ ವೈಫ್ಸ್ ಟೇಲ್’. 2018ರಲ್ಲಿ ಬಂದ ಈ ಪುಸ್ತಕದಲ್ಲಿ ಲೇಖಕಿ ಬರೆದಿರುವುದು ಗೊಂಡರ್ ಪಟ್ಟಣದ ತಮ್ಮ ಅಜ್ಜಿ ಯೆತೆಮೆಗ್ನು ಅವರ ಜೀವನವನ್ನು. ಎಂಟನೆಯ ವಯಸ್ಸಿನಲ್ಲಿ, ತನಗಿಂತ ಎಷ್ಟೋ ದೊಡ್ಡವನಾದ ಪಾದ್ರಿಯೊಡನೆ ಮದುವೆ, ಸಾಲಾಗಿ ಬಾಣಂತನಗಳು, ಗಂಡ ಸೆರೆಮನೆ ಸೇರಿದಾಗ ಚಕ್ರವರ್ತಿಯವರೆಗೆ ಹೋಗಿ ಮೊರೆಯಿಟ್ಟ ಧೈರ್ಯ, ಅರವತ್ತರ ಆಚೆ ಅಕ್ಷರಾಭ್ಯಾಸ. ಅಜ್ಜಿ ಅಮ್ಹಾರಿಕ್ ಭಾಷೆಯಲ್ಲಿ ಹೇಳಿದುದನ್ನು ಮೊಮ್ಮಗಳು ತಾಳ್ಮೆಯಿಂದ ಕೇಳಿ ಇಂಗ್ಲಿಷಿಗೆ ತಂದಿದ್ದಾರೆ. ಉಪವಾಸ, ಹಬ್ಬ, ಅಡಿಗೆ, ಹರಕೆ ಒಂದನ್ನೂ ಬಿಟ್ಟಿಲ್ಲ. ಅಯ್ಯೋ ಪಾಪವೆಂದು ಮರುಗುವ ಧಾಟಿಯಿಲ್ಲ. ವೀರಮಾತೆಯೆಂದು ಪಟ್ಟ ಕಟ್ಟುವ ಆತುರವೂ ಇಲ್ಲ. ನಮ್ಮಲ್ಲಿ ಹಿರಿಯರ ಚರಿತ್ರೆ ಬರೆಯಲು ಕುಳಿತವರು ಈ ಎರಡರಲ್ಲಿ ಒಂದಕ್ಕೆ ಜಾರದಿರುವುದು ಅಪರೂಪ.

ಎಳೆಯ ವಯಸ್ಸಿನ ಮದುವೆಯೆಂದೊಡನೆ ನಮಗೆ ನೆನಪಾಗುವವರು ನಂಜನಗೂಡು ತಿರುಮಲಾಂಬ. 1887ರಲ್ಲಿ ಹುಟ್ಟಿ, ಬಾಲ್ಯದಲ್ಲೇ ಮದುವೆಯಾಗಿ, 14ನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು, ತಂದೆಯ ಬಳಿ ಮನೆಯಲ್ಲೇ ಓದಿದವರು. 1913ರಲ್ಲಿ ‘ಸತೀ ಹಿತೈಷಿಣಿ’ ಗ್ರಂಥಮಾಲೆಯನ್ನು ಆರಂಭಿಸಿದರು. ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನು ನಡೆಸಿದರು. ಆಮೇಲೆ ಬರವಣಿಗೆ ನಿಂತಿತು, ಕನ್ನಡ ನಾಡು ಮರೆಯಿತು. ಅವರು ಇಳಿವಯಸ್ಸನ್ನು ಕಳೆದುದು ಎಲ್ಲಿ ಎಂದುಕೊಂಡಿರಿ? ಇದೇ ಮದರಾಸಿನಲ್ಲಿ. 1982ರಲ್ಲಿ ತೀರಿಕೊಂಡರು. ಬೆಂಗಳೂರಿನ ಲೇಖಕಿಯರು ಅವರನ್ನು ಮತ್ತೆ ಬೆಳಕಿಗೆ ತಂದರು; ಚಿ. ನ. ಮಂಗಳಾ ಅವರ ಕುರಿತು ಬರೆದರು. ಮುಂದೆ ಅವರ ಹೆಸರಿನಲ್ಲಿ ಪ್ರಶಸ್ತಿಯೂ ಏರ್ಪಟ್ಟಿತು. ಅಷ್ಟು ವರ್ಷ ಈ ಊರಿನಲ್ಲಿದ್ದ ಕನ್ನಡಿಗರಲ್ಲಿ ಎಷ್ಟು ಮಂದಿ ಅವರ ಬಾಗಿಲು ತಟ್ಟಿದರು?

ಕಳೆದ ರಾಜ್ಯೋತ್ಸವದ ದಿನ ಊಟದ ಪಂಕ್ತಿಯಲ್ಲಿ ತೊಂಬತ್ತು ದಾಟಿದ ತಾಯಿಯೊಬ್ಬರು ನಮ್ಮ ಪಕ್ಕ ಕುಳಿತಿದ್ದರು. ಮಾತಿಗೆ ಮಾತು ಬಂದು, 1942ರಲ್ಲಿ ಜಪಾನಿನವರ ಭಯಕ್ಕೆ ಮದರಾಸು ಖಾಲಿಯಾದುದನ್ನು ಹೇಳಿದರು. ಹಿತ್ತಲಿನಲ್ಲಿ ತಾಮ್ರದ ಹಂಡೆಯನ್ನು ಹೂತು, ಅದರ ಮೇಲೆ ಅಮ್ಮ ಬಸಳೆ ಬಳ್ಳಿ ನೆಟ್ಟು ರೈಲು ಹತ್ತಿದರಂತೆ. ಬಡಿಸುತ್ತಿದ್ದ ಮೊಮ್ಮಗ ಸಾರಿನ ಪಾತ್ರೆಯನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟ. “ಅಜ್ಜಿ, ಇದನ್ನು ನನಗೆ ಹೇಳೇ ಇಲ್ಲವಲ್ಲ!” ಎಂದ. ಅಷ್ಟರಲ್ಲಿ ಹಿಂದಿನ ಪಂಕ್ತಿಯವರು ಸಾರಿಗೆ ಕೂಗಿದರು. ಹಂಡೆ ಮರಳಿ ಸಿಕ್ಕಿತೇ ಇಲ್ಲವೇ ಎಂಬುದು ನಮಗೂ ತಿಳಿಯಲಿಲ್ಲ.

ಮೊಮ್ಮಕ್ಕಳಿಗೆ ಕನ್ನಡ ಓದಲು ಬಾರದು, ಅವರು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಬರೆದರೆ ಕನ್ನಡಕ್ಕೇನು ಲಾಭ ಎಂದು ನಮ್ಮ ಸಂಘದ ಹಿರಿಯರು ಆಕ್ಷೇಪಿಸುವುದುಂಟು. ಆಕ್ಷೇಪ ನ್ಯಾಯವಾದುದೇ. ಆದರೆ ಬರೆಯದೆ ಹೋದರೆ ಯಾವ ಭಾಷೆಗೆ ಲಾಭ? ಲಿಪಿಯನ್ನು ಇನ್ನೊಂದು ವರ್ಷ ಕಲಿಸಬಹುದು. ತೊಂಬತ್ತರ ಅಜ್ಜಿಗೆ ಇನ್ನೊಂದು ವರ್ಷವೆಂದು ವಾಯಿದೆ ಹಾಕುವ ಅಧಿಕಾರ ಯಾರಿಗೂ ಇಲ್ಲ.

ಆದುದರಿಂದ ಮುಂದಿನ ಸಂಚಿಕೆಯಲ್ಲಿ ಎರಡು ಪುಟಗಳನ್ನು ಈ ಕೆಲಸಕ್ಕೆಂದು ಸಂಪಾದಕರಿಂದ ಕೇಳಿ ಪಡೆದಿದ್ದೇವೆ. ಮನೆಯ ಹುಡುಗರು ಅಜ್ಜಿಯ ಮಾತನ್ನು ಮೊಬೈಲಿನಲ್ಲಿ ಮುದ್ರಿಸಿ ತಂದರೆ ಸಾಕು. ನಡುವೆ ತಮಿಳು ಬೆರೆತಿದ್ದರೆ ಬೆರೆತಿರಲಿ, ತಿದ್ದಬೇಡಿ. ಕೇಳಿ ಬರೆದುಕೊಳ್ಳುವ ಕೆಲಸ ನಮ್ಮದು. ಭಾನುವಾರ ಬೆಳಿಗ್ಗೆ ಹತ್ತರ ಮೇಲೆ ಸಂಘದ ವಾಚನಾಲಯದಲ್ಲಿ ಇರುತ್ತೇವೆ.