ಪಿನ್ ಕೂತರೆ ಕೆಲಸ ಮುಗೀತಾ?

ತರಗುಪೇಟೆಯಲ್ಲಿ ನಮ್ಮ ಗೆಳೆಯನ ತಾತನದು ಬೇಳೆಕಾಳಿನ ಸಗಟು ಅಂಗಡಿ. ಕೆಳಗೆ ಗೋಣಿಚೀಲಗಳ ರಾಶಿ, ಮೇಲೆ ಮನೆ. ಕಳೆದ ರಜೆಯಲ್ಲಿ ನಾವು ನಾಲ್ಕು ಜನ ಅಲ್ಲಿಗೆ ಊಟಕ್ಕೆ ಹೋಗಿದ್ದೆವು. ಅಮೆರಿಕದಿಂದ ಬಂದಿದ್ದ ಅವನ ಅತ್ತೆ ಒಂದು ರೈಸ್ ಕುಕ್ಕರ್ ತಂದಿದ್ದರು. ಅದರದು ಚಪ್ಪಟೆ ಪಿನ್ನು, ನಮ್ಮ ಸಾಕೆಟ್ಟಿಗೆ ಕೂರಲ್ಲ. "ನಾವಿದ್ದೀವಲ್ಲ ಆಂಟಿ, ಇಂಜಿನಿಯರುಗಳು" ಅಂತ ಎಸ್.ಪಿ. ರೋಡಿಗೆ ಹೋಗಿ ಒಂದು ಅಡಾಪ್ಟರ್ ತಂದು ಸಿಕ್ಕಿಸಿದೆವು. ಪಿನ್ ಚೆನ್ನಾಗೇ ಕೂತಿತು. ಸ್ವಲ್ಪ ಹೊತ್ತಿಗೆ ಅನ್ನದ ಘಮದ ಬದಲು ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಗೆಳೆಯನ ಅಮ್ಮ ಓಡಿ ಬಂದು ಸ್ವಿಚ್ ಆಫ್ ಮಾಡದಿದ್ದರೆ ಕೆಳಗಿನ ಗೋಣಿಚೀಲಗಳ ಗತಿ ಏನಾಗುತ್ತಿತ್ತೋ!

ತಾತ ಬೈಯಲಿಲ್ಲ. "ದಲ್ಲಾಳಿ ಗಿರಾಕೀನ ಅಂಗಡಿಗೆ ಕರ್ಕೊಂಡು ಬರ್ತಾನೆ ಅಷ್ಟೇ ಕಣ್ರೋ. ಮಾಲು ಹೇಗಿದೆ ಅಂತ ನೋಡ್ಕೋಬೇಕಾದೋನು ಗಿರಾಕಿ" ಅಂದರು. ಅಡಾಪ್ಟರ್ ಬಗ್ಗೆ ಇಷ್ಟು ಸರಿಯಾದ ವಿವರಣೆ ನಮಗೆ ಕ್ಲಾಸಿನಲ್ಲೂ ಸಿಕ್ಕಿರಲಿಲ್ಲ. ಅದು ಪಿನ್ನಿನ ಆಕಾರ ಹೊಂದಿಸುತ್ತೆ, ವೋಲ್ಟೇಜ್ ಬದಲಿಸಲ್ಲ.

ಕುಕ್ಕರಿನ ತಳದಲ್ಲಿ ಬರೆದೇ ಇತ್ತು: 120 ವೋಲ್ಟ್, 60 ಹರ್ಟ್ಸ್, 500 ವ್ಯಾಟ್. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್, 50 ಹರ್ಟ್ಸ್. ಹೀಟರ್ ಕಾಯಿಲಿನಲ್ಲಿ ಪವರ್ ಏರುವುದು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ. ವೋಲ್ಟೇಜ್ ಎರಡು ಪಟ್ಟಿನ ಹತ್ತಿರ ಹೋದರೆ ಬಿಸಿ ಮೂರೂವರೆ ಪಟ್ಟು ದಾಟುತ್ತೆ. 500 ವ್ಯಾಟಿನ ಕುಕ್ಕರ್ ಸುಮಾರು 1800 ವ್ಯಾಟ್ ಎಳೆಯಿತು, ಅಂದರೆ 8 ಆಂಪಿಯರ್ ಹತ್ತಿರ. ಸಾಕೆಟ್ಟು 6 ಆಂಪಿಯರಿನದು. ಲೈನಿನ ಎಂಸಿಬಿ 16ರದು, ಅದು ಯಾಕೆ ಟ್ರಿಪ್ ಆದೀತು? ಈ ಸೂತ್ರವನ್ನು ನಾವೆಲ್ಲ ಮೊದಲ ಸೆಮಿಸ್ಟರಿನಲ್ಲೇ ಬರೆದು ಮಾರ್ಕ್ಸ್ ತಗೊಂಡವರು. ಕುಕ್ಕರನ್ನು ತಿರುಗಿಸಿ ಲೇಬಲ್ ಓದಲು ಮಾತ್ರ ಯಾರಿಗೂ ತೋಚಲಿಲ್ಲ. ನಾಚಿಕೆಯ ವಿಷಯ ಅದು.

ಹಾಗಂತ ಅಡಾಪ್ಟರೇ ಕೆಟ್ಟದ್ದು ಅಂತ ನಾವು ಹೇಳ್ತಿಲ್ಲ. ಲೇಬಲ್ ಮೇಲೆ 100–240 ವೋಲ್ಟ್, 50/60 ಹರ್ಟ್ಸ್ ಅಂತಿದ್ದರೆ ಒಳ್ಳೇ ಅಡಾಪ್ಟರ್ ಸಾಕು. ಈಗಿನ ಫೋನ್, ಲ್ಯಾಪ್‌ಟಾಪ್ ಚಾರ್ಜರುಗಳು ಬಹುತೇಕ ಹೀಗೇ ಇರುತ್ತವೆ. ಬರೀ 120 ಅಂತಲೋ, ಜಪಾನಿನ ಸಾಮಾನಾದರೆ 100 ಅಂತಲೋ ಇದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು, ಅದೂ ಸಾಮಾನಿನ ವ್ಯಾಟಿಗಿಂತ ಹೆಚ್ಚು ಸಾಮರ್ಥ್ಯದ್ದು. 1500 ವ್ಯಾಟಿನ ಹೇರ್ ಡ್ರೈಯರಿಗೆ ಅಂಥದ್ದನ್ನು ಹೊತ್ತು ತರುವ ಬದಲು ಇಲ್ಲಿಯದೇ ಡ್ರೈಯರ್ ಕೊಳ್ಳುವುದು ವಾಸಿ. ಟ್ರಾನ್ಸ್‌ಫಾರ್ಮರ್ ಹರ್ಟ್ಸ್ ಬದಲಿಸಲ್ಲ ಅನ್ನೋದೂ ನೆನಪಿರಲಿ: ಲೈನಿನ ಹರ್ಟ್ಸ್ ನಂಬಿ ಓಡುವ 60 ಹರ್ಟ್ಸಿನ ಗಡಿಯಾರ ಇಲ್ಲಿ ಗಂಟೆಗೆ 10 ನಿಮಿಷ ಹಿಂದೆ ಬೀಳುತ್ತೆ.

ಇದಕ್ಕಿಂತ ದೊಡ್ಡ ತಪ್ಪು ನಮ್ಮ ಹಾಸ್ಟೆಲ್ಲಿನಲ್ಲಿ ದಿನಾ ನಡೆಯುತ್ತೆ. ಅದು ಅರ್ತ್ ಪಿನ್ನಿನ ವಿಷಯ. ಶಿವನಸಮುದ್ರದ ಕರೆಂಟಿನಿಂದ ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರಲ್ಲಿ, ಈಗಿನ ಕೆ.ಆರ್. ಮಾರ್ಕೆಟ್ ಹತ್ತಿರ, ತರಗುಪೇಟೆಗೆ ಕೂಗಳತೆಯಲ್ಲಿ. ನೂರು ವರ್ಷ ದಾಟಿದರೂ ತಾತನ ಮನೆಯ ಒಂದೆರಡು ಕೋಣೆಯಲ್ಲಿ ಎರಡೇ ತೂತಿನ ಸಾಕೆಟ್ಟುಗಳಿವೆ. ಆದರೆ ಹಾಸ್ಟೆಲ್ಲಿನಲ್ಲಿ ಮೂರು ತೂತು ಇದ್ದೂ ನಾವು ಮಾಡೋದೇನು? ಮೇಲಿನ ತೂತಿಗೆ ಪೆನ್ನು ಚುಚ್ಚಿ ಶಟರ್ ತೆರೆದು ಎರಡು ಪಿನ್ನಿನ ಪ್ಲಗ್ ತುರುಕ್ತೀವಿ. ಮೂರು ಪಿನ್ನಿನ ಲ್ಯಾಪ್‌ಟಾಪ್ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಹಾಕ್ತೀವಿ. ಆಮೇಲೆ "ಮಗಾ, ಲ್ಯಾಪ್‌ಟಾಪ್ ಮುಟ್ಟಿದ್ರೆ ಜುಮ್ ಅನ್ನತ್ತೆ" ಅಂತ ನಗ್ತೀವಿ.

ಅರ್ತ್ ಪಿನ್ ಉದ್ದ ಇರೋದು ಸುಮ್ಮನೆ ಅಲ್ಲ. ಅದು ಮೊದಲು ತಾಗಬೇಕು, ಕೊನೆಗೆ ಬಿಡಬೇಕು. ಲೋಹದ ಮೈಗೆ ಕರೆಂಟು ಸೋರಿದರೆ ಅದು ನೆಲಕ್ಕೆ ಹೋಗುವ ದಾರಿ ಆ ತಂತಿ. ಅದನ್ನು ಕತ್ತರಿಸಿದರೆ ಉಳಿಯುವ ದಾರಿ ನಾವೇ. ಎಂಸಿಬಿ ತಂತಿಯನ್ನು ಕಾಯುತ್ತೆ. ಮನುಷ್ಯನನ್ನು ಕಾಯಲು 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕು. ಚೌಕದೊಳಗೆ ಚೌಕದ ಗುರುತು ಇರುವ ಸಾಮಾನಿಗೆ ಎರಡು ಪಿನ್ ಸಾಕು. ಮಿಕ್ಕದ್ದಕ್ಕೆ ಮೂರನೆಯದು ಇರಲೇಬೇಕು.

ಹಾಗಾಗಿ ನಮ್ಮ ಬೇಡಿಕೆ ಎರಡೇ. ಎಲೆಕ್ಟ್ರಿಕಲ್ ವಿಭಾಗದವರು ವರ್ಷಕ್ಕೊಮ್ಮೆ ಹಾಸ್ಟೆಲ್ಲಿನ ಪ್ರತಿ ಸಾಕೆಟ್ಟಿನ ಅರ್ತ್ ಪರೀಕ್ಷೆ ಮಾಡಲಿ. ಕೈಜೋಡಿಸಲು ನಾವು ತಯಾರು. ಹಾಗೇ ಹೊರದೇಶದಿಂದ ಅಣ್ಣನೋ ಅತ್ತೆಯೋ ಏನಾದರೂ ತಂದರೆ, ಪೆಟ್ಟಿಗೆ ಬಿಚ್ಚಿದ ತಕ್ಷಣ ಅಡಾಪ್ಟರ್ ಹುಡುಕೋದು ಬೇಡ. ಮೊದಲು ಸಾಮಾನು ತಿರುಗಿಸಿ ಲೇಬಲ್ ಓದೋಣ. ಮನೆಯವರು ನಮ್ಮನ್ನು ಇಂಜಿನಿಯರ್ ಅಂತ ನಂಬಿ ಕೈಗೆ ಕೊಟ್ಟಿರ್ತಾರೆ. ಆ ನಂಬಿಕೆಗಾದರೂ ಒಂದು ನಿಮಿಷ ಖರ್ಚು ಮಾಡಬಾರದಾ?