ಯಂತ್ರದ ನೆರವು, ರೋಗಿಯ ಯತ್ನ

ಪಾರ್ಶ್ವವಾಯು ಬಡಿದವರ ಮನೆಯನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಕಾಪುವಿನ ಕಡಲಿನಲ್ಲಿ ಬಲೆ ಎಳೆದ ಕೈ, ಕಾರ್ಕಳದ ತೋಟದಲ್ಲಿ ಅಡಕೆ ಸುಲಿದ ಕೈ ಒಂದು ಮುಂಜಾನೆ ನೀರಿನ ಲೋಟವನ್ನೂ ಎತ್ತಲಾರದಾಗುತ್ತದೆ. ಕೆಟ್ಟಿರುವುದು ಕೈಯಲ್ಲ; ರಕ್ತನಾಳವು ಕಟ್ಟಿಯೋ ಒಡೆದೋ ಮಿದುಳಿನ ಒಂದು ಭಾಗ ಹಾನಿಗೊಂಡು, ಕೈಗೆ ಅಪ್ಪಣೆ ಸರಿಯಾಗಿ ತಲಪುತ್ತಿಲ್ಲ.

ಇಂಥವರಿಗಾಗಿ ಈಗ ತೋಳಿಗೆ ತೊಡುವ ವಿದ್ಯುಚ್ಚಾಲಿತ ಸಾಧನಗಳು ಬಂದಿವೆ. ದುರ್ಬಲ ಸ್ನಾಯುವು ಸಂಕುಚಿಸಲು ಯತ್ನಿಸಿದಾಗ ಚರ್ಮದ ಮೇಲೆ ಅತಿ ಸೂಕ್ಷ್ಮವಾದ, ಸಾಮಾನ್ಯವಾಗಿ ಒಂದು ಮಿಲಿವೋಲ್ಟಿಗಿಂತ ಕಡಿಮೆಯಾದ ವಿದ್ಯುತ್ ಸಂಕೇತವು ತೋರುತ್ತದೆ. ಕೆಲವು ಸಾಧನಗಳು ಅದನ್ನು ಗುರುತಿಸಿ ಮೋಟಾರನ್ನು ಚಾಲಿಸುತ್ತವೆ. ಬೇಕಾದ ಬಲವೇನೂ ಅಗಾಧವಲ್ಲ. 60 ಕಿಲೋಗ್ರಾಂ ತೂಗುವವನ ಮುಂದೋಳು ಮತ್ತು ಹಸ್ತ ಸೇರಿ ಸುಮಾರು 1.3 ಕಿಲೋಗ್ರಾಂ, ಅವುಗಳ ಗುರುತ್ವಕೇಂದ್ರವು ಮೊಣಕೈಯಿಂದ ಸುಮಾರು 17 ಸೆಂಟಿಮೀಟರ್ ದೂರದಲ್ಲಿದೆ. ಮುಂದೋಳನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿಯಲು 2 ನ್ಯೂಟನ್-ಮೀಟರಿಗಿಂತ ತುಸು ಹೆಚ್ಚಿನ ತಿರುಗುಬಲ ಸಾಕು.

ಹಾಗಾದರೆ ಭಾರವನ್ನೆಲ್ಲ ಮೋಟಾರೇ ಹೊರಲಿ ಎನ್ನಬಹುದೆ? ಕೂಡದೆಂಬುದು ನನ್ನ ಅಭಿಪ್ರಾಯ. ಮಿದುಳಿನ ಉಳಿದ ಭಾಗಗಳು ಹೊಸದಾಗಿ ಕೆಲಸ ಕಲಿಯುವುದು ರೋಗಿಯ ಸ್ವಂತ ಯತ್ನವು ಮತ್ತೆ ಮತ್ತೆ ನಡೆದಾಗ. ಹುಡುಗನನ್ನು ಸದಾ ಎತ್ತಿ ಹಿಡಿದಿದ್ದರೆ ಅವನು ಈಜು ಕಲಿಯಲಾರ. ಬ್ರಿಟನ್ನಿನಲ್ಲಿ 770 ರೋಗಿಗಳನ್ನೊಳಗೊಂಡು ನಡೆದು 2019ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಯಂತ್ರದ ನೆರವಿನ ಅಭ್ಯಾಸವು ವಾಡಿಕೆಯ ಚಿಕಿತ್ಸೆಗಿಂತ ಕೈಯ ಕಾರ್ಯವನ್ನು ಹೆಚ್ಚು ಸುಧಾರಿಸಲಿಲ್ಲ. ಅದು ತೊಡುವ ಸಾಧನವಾಗಿರಲಿಲ್ಲ, ನಿಜ. ಆದರೂ ಯಂತ್ರ ಬಂದೊಡನೆ ರೋಗ ಹೋಗದೆಂಬ ಎಚ್ಚರಿಕೆ ಅದರಲ್ಲಿದೆ. ಆದುದರಿಂದ ಸಾಧನವು ರೋಗಿಯ ಯತ್ನಕ್ಕಾಗಿ ಕಾಯಬೇಕು. ಕೊರತೆಯಾದಷ್ಟನ್ನು ಮಾತ್ರ ತುಂಬಬೇಕು. ಕೈ ಬಲಗೊಂಡಂತೆ ತಾನು ಹಿಂದೆ ಸರಿಯಬೇಕು.

ಅಭ್ಯಾಸವಾದರೋ ದಿನನಿತ್ಯದ್ದು. ಮಣಿಪಾಲದಲ್ಲಿ 1953ರಿಂದ ವೈದ್ಯಕೀಯ ಕಾಲೇಜಿದೆ. ಆದರೆ ಒಂದು ಪಾರ್ಶ್ವವೇ ಸ್ವಾಧೀನ ತಪ್ಪಿದವನು ಕಾಪುವಿನಿಂದಲೋ ಕಾರ್ಕಳದಿಂದಲೋ ಪ್ರತಿದಿನ ಬಸ್ಸೇರಿ ಅಲ್ಲಿಗೆ ಹೋಗುವುದೆಂತು? ಪುಸ್ತಕಾಲಯದಿಂದ ಪುಸ್ತಕ ತರುವಂತೆ ಇಂಥ ಸಾಧನವನ್ನು ತನ್ನ ಊರಿನಲ್ಲೇ ಎರವಲು ಪಡೆದು, ಅಂಗಮರ್ದನ ಮಾತ್ರವಲ್ಲದೆ ವ್ಯಾಯಾಮವನ್ನೂ ಬಲ್ಲ ಫಿಸಿಯೋಥೆರಪಿ ತಜ್ಞರ ಮೇಲ್ವಿಚಾರಣೆಯಲ್ಲಿ ಮನೆಯಲ್ಲೇ ಅಭ್ಯಾಸ ಮಾಡುವ ಏರ್ಪಾಡು ಉಡುಪಿ ಜಿಲ್ಲೆಗೆ ಬೇಕು. ಅದಕ್ಕೆ ಹಗುರವೂ ಅಗ್ಗವೂ ಆದ ಸಾಧನಗಳು ಬೇಕು. ತಿರುಗುಬಲದ ಸೂತ್ರವನ್ನು ಇಂದು ಕಲಿಯುತ್ತಿರುವ ವಿದ್ಯಾರ್ಥಿಗಳು ಅವನ್ನು ರಚಿಸಲು ಮನಸ್ಸು ಮಾಡಲಿ.