ಜಿಲ್ಲೆಗೊಬ್ಬ ಪರಿಸರ ನ್ಯಾಯವಾದಿ

ಪದವಿಪೂರ್ವ ಪರೀಕ್ಷೆಯ ಫಲಿತಾಂಶ ಹೊರಬೀಳುವ ದಿನಗಳಲ್ಲಿ ನಮ್ಮ ಮನೆಗಳಲ್ಲಿ ನಡೆಯುವ ಸಮಾಲೋಚನೆಗಳು ಬಹುಮಟ್ಟಿಗೆ ವೈದ್ಯಕೀಯ, ಇಂಜಿನಿಯರಿಂಗ್, ಕಂಪ್ಯೂಟರ್ ಎಂಬ ಪರಿಚಿತ ದಾರಿಗಳಲ್ಲೇ ಸಾಗಿ ಅಲ್ಲಿಯೇ ಮುಗಿಯುತ್ತವೆ. ಕಾನೂನು ವ್ಯಾಸಂಗದ ಮಾತು ಬಂದರೂ ಕಂಪೆನಿಗಳ ವ್ಯವಹಾರ ನೋಡಿಕೊಳ್ಳುವ ವಕೀಲಿಗೆ ಪ್ರಥಮ ಪ್ರಾಶಸ್ತ್ಯ, ಜಮೀನಿನ ದಾವೆಗಳಿಗೆ ಅದರ ನಂತರದ ಸ್ಥಾನ. ನೆಲ, ಜಲ, ಅರಣ್ಯ, ವಾಯುಗಳ ರಕ್ಷಣೆಯನ್ನೇ ವೃತ್ತಿಯಾಗಿ ಸ್ವೀಕರಿಸಬಹುದಾದ ಮಾರ್ಗವೊಂದು ನಮ್ಮ ನ್ಯಾಯವ್ಯವಸ್ಥೆಯಲ್ಲಿ ಈಗಾಗಲೇ ತೆರೆದುಕೊಂಡಿದೆಯೆಂದೂ, ಅದು ವಿದ್ಯೆಗೂ ಜೀವನಕ್ಕೂ ಸಮಾನವಾಗಿ ಗೌರವ ತರತಕ್ಕುದೆಂದೂ ಮಕ್ಕಳಿಗೆ ತಿಳಿಯಹೇಳುವ ಹಿರಿಯರು ವಿರಳ. ಹಾಗೆ ಹೇಳುವವರೂ ದೆಹಲಿಯ ಸರ್ವೋಚ್ಚ ನ್ಯಾಯಾಲಯವನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಾರೆ. ಈ ವೃತ್ತಿಗೆ ಇಂದು ಅತ್ಯಂತ ಅಗತ್ಯವಾದ ಕ್ಷೇತ್ರ ನಮ್ಮ ಜಿಲ್ಲಾ ಕೇಂದ್ರಗಳೆಂಬುದು ನನ್ನ ದೃಢವಾದ ನಂಬಿಕೆ.

ಪರಿಸರ ಕಾನೂನೆಂಬ ಈ ಶಾಸ್ತ್ರದ ವಯಸ್ಸು ಹೆಚ್ಚಿನದಲ್ಲ. 1972ರಲ್ಲಿ ಸ್ಟಾಕ್‌ಹೋಮಿನಲ್ಲಿ ನಡೆದ ವಿಶ್ವಸಂಸ್ಥೆಯ ಸಮ್ಮೇಳನದ ಬಳಿಕ, 1974ರಲ್ಲಿ ಜಲಮಾಲಿನ್ಯ ನಿಯಂತ್ರಣದ ಕಾಯಿದೆಯೂ, 1976ರಲ್ಲಿ ಪರಿಸರ ರಕ್ಷಣೆಯನ್ನು ರಾಜ್ಯದ ಹಾಗೂ ಪ್ರಜೆಯ ಕರ್ತವ್ಯವೆಂದು ಸಾರಿದ ಸಂವಿಧಾನದ ತಿದ್ದುಪಡಿಯೂ, 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯಿದೆಯೂ, 1984ರ ಡಿಸೆಂಬರಿನ ಭೋಪಾಲ ದುರಂತದ ಪಾಠವಾಗಿ 1986ರ ಪರಿಸರ ಸಂರಕ್ಷಣಾ ಕಾಯಿದೆಯೂ ಒಂದರ ಹಿಂದೊಂದರಂತೆ ಬಂದವು. ಈ ಕಾಯಿದೆಗಳಿಗೆ ಜೀವಕಳೆ ತುಂಬಿದವರಲ್ಲಿ ನಮ್ಮ ಮಂಡ್ಯ ಸೀಮೆಯವರೊಬ್ಬರಿದ್ದರೆಂಬುದನ್ನು ಕನ್ನಡಿಗರು ಅಭಿಮಾನದಿಂದ ನೆನೆಯಬೇಕು. ಗಂಗೆಗೆ ಕೊಳಕು ನೀರು ಬಿಡುತ್ತಿದ್ದ ಕಾನ್ಪುರದ ಚರ್ಮ ಹದಮಾಡುವ ಕಾರ್ಖಾನೆಗಳ ವಿರುದ್ಧ ನ್ಯಾಯವಾದಿ ಎಂ. ಸಿ. ಮೆಹ್ತಾ ಅವರು ಹೂಡಿದ ಮೊಕದ್ದಮೆಯಲ್ಲಿ, 1987ರಲ್ಲಿ, ನ್ಯಾಯಮೂರ್ತಿ ಇ. ಎಸ್. ವೆಂಕಟರಾಮಯ್ಯನವರು ಪೀಠದಲ್ಲಿ ಕುಳಿತು ಒಂದು ನಿಯಮವನ್ನು ಸ್ಪಷ್ಟಪಡಿಸಿದರು: ಕನಿಷ್ಠ ವೇತನ ಕೊಡಲಾರದ ಉದ್ಯಮಕ್ಕೆ ಹೇಗೆ ಉಳಿಯುವ ಹಕ್ಕಿಲ್ಲವೋ ಹಾಗೆಯೇ ತನ್ನ ಕೊಳೆಯನ್ನು ಶುದ್ಧಿಮಾಡುವ ಪ್ರಾಥಮಿಕ ವ್ಯವಸ್ಥೆಯನ್ನು ಮಾಡಿಕೊಳ್ಳಲಾರದ ಕಾರ್ಖಾನೆಗೂ ನಡೆಯುವ ಹಕ್ಕಿಲ್ಲ. ಹಣದ ಅಭಾವವು ಮಾಲಿನ್ಯಕ್ಕೆ ಸಮರ್ಥನೆಯಾಗದೆಂಬ ಈ ವಿಚಾರ ಇಂದಿಗೂ ಪರಿಸರ ನ್ಯಾಯದ ಆಧಾರಸ್ತಂಭಗಳಲ್ಲೊಂದು.

ಇಂತಹ ತೀರ್ಪುಗಳನ್ನು ಓದುವಾಗ ನಾವು ಮರೆಯುವ ಸಂಗತಿಯೆಂದರೆ, ಅವುಗಳ ಮೂಲ ಅನೇಕ ವೇಳೆ ಯಾವುದೋ ಸಣ್ಣ ಊರಿನ ಸಣ್ಣ ಕಚೇರಿಯಲ್ಲಿರುತ್ತದೆಂಬುದು. ಮಧ್ಯಪ್ರದೇಶದ ರತಲಾಮ್ ಪಟ್ಟಣದ ಒಂದು ಬಡಾವಣೆಯ ಜನ, ತಮ್ಮ ಮನೆಗಳ ಮುಂದೆ ಹರಿಯುವ ತೆರೆದ ಚರಂಡಿಯ ದುರ್ಗಂಧವನ್ನು ಸಹಿಸಲಾರದೆ, ಸಾರ್ವಜನಿಕ ಉಪದ್ರವವನ್ನು ನಿವಾರಿಸುವ ದಂಡಪ್ರಕ್ರಿಯಾ ಸಂಹಿತೆಯ 133ನೆಯ ಕಲಮನ್ನು ಆಶ್ರಯಿಸಿ ಸ್ಥಳೀಯ ಮ್ಯಾಜಿಸ್ಟ್ರೇಟರಿಗೆ ದೂರು ಕೊಟ್ಟರು. ಪುರಸಭೆ ಹಣವಿಲ್ಲವೆಂದು ವಾದಿಸಿತು. ಆ ಚರಂಡಿಯ ವ್ಯಾಜ್ಯವೇ ಸರ್ವೋಚ್ಚ ನ್ಯಾಯಾಲಯವನ್ನು ತಲಪಿ, 1980ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಲೇಖನಿಯಿಂದ, ಊರಿನ ನೈರ್ಮಲ್ಯದ ಹೊಣೆಯಿಂದ ಯಾವ ಪುರಸಭೆಯೂ ನುಣುಚಿಕೊಳ್ಳಲಾಗದೆಂಬ ತೀರ್ಮಾನವಾಗಿ ದೇಶಕ್ಕೆಲ್ಲ ಅನ್ವಯವಾಯಿತು. ಇಂದಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಆ ಅಧಿಕಾರ 152ನೆಯ ಕಲಮಾಗಿ ಉಳಿದಿದೆ. ಅದನ್ನು ಬಳಸಬಲ್ಲ ವಕೀಲರು ನಮ್ಮ ತಾಲೂಕುಗಳಲ್ಲಿ ಎಷ್ಟು ಮಂದಿಯಿದ್ದಾರೆ?

ನಮ್ಮ ನಾಡಿನ ಕುದುರೆಮುಖದ ಕಥೆಯೂ ಇದನ್ನೇ ಸಾರುತ್ತದೆ. 1969ರಲ್ಲಿ ಮೂವತ್ತು ವರ್ಷಗಳ ಅವಧಿಗೆ ಕೊಟ್ಟಿದ್ದ ಗಣಿ ಗುತ್ತಿಗೆ 1999ರಲ್ಲಿ ಮುಗಿದ ಮೇಲೆಯೂ ಆ ಮಳೆಕಾಡಿನ ನಡುವೆ ಅಗೆತ ಮುಂದುವರಿದಾಗ, ಅದನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದವರು ನಾಗರಹೊಳೆಯಲ್ಲಿ ವಲಯ ಅರಣ್ಯಾಧಿಕಾರಿಯಾಗಿ ದುಡಿದಿದ್ದ ಕೆ. ಎಂ. ಚಿಣ್ಣಪ್ಪನವರು. 2002ರ ಅಕ್ಟೋಬರ್ 30ರಂದು ಬಂದ ತೀರ್ಪಿನ ಫಲವಾಗಿ 2005ರ ಅಂತ್ಯಕ್ಕೆ ಅಲ್ಲಿ ಗಣಿಗಾರಿಕೆ ನಿಂತಿತು. ಕಾಡನ್ನು ಕಾಲ್ನಡಿಗೆಯಿಂದ ಬಲ್ಲ ಒಬ್ಬ ಅಧಿಕಾರಿಯ ಅನುಭವವೂ, ಭದ್ರೆಗೆ ಇಳಿಯುವ ಹೂಳಿನ ವಿಚಾರವನ್ನು ತಿಳಿದ ಪರಿಣತರ ಜ್ಞಾನವೂ, ಇವೆರಡನ್ನೂ ನ್ಯಾಯಾಲಯದ ಭಾಷೆಗೆ ತರಬಲ್ಲ ವಕೀಲರ ಕೌಶಲವೂ ಕೂಡಿದಾಗ ಮಾತ್ರ ಇಂತಹ ಕಾರ್ಯ ಸಾಧ್ಯ. ಮೊದಲೆರಡು ನಮ್ಮಲ್ಲಿ ಧಾರಾಳವಾಗಿವೆ. ಮೂರನೆಯದರ ಕೊರತೆ ಮಾತ್ರ ಇನ್ನೂ ನೀಗಿಲ್ಲ.

ಈ ಕೊರತೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಪರಿಸರ ಸಾರ್ವಜನಿಕ ಆಲಿಕೆ ಸಭೆಯಲ್ಲಿ. 2006ರ ಸೆಪ್ಟೆಂಬರ್ 14ರ ಅಧಿಸೂಚನೆಯ ಪ್ರಕಾರ ಗಣಿ, ಅಣೆಕಟ್ಟು, ದೊಡ್ಡ ಕಾರ್ಖಾನೆ ಮೊದಲಾದ ಯೋಜನೆಗಳಿಗೆ ಪರಿಸರ ಅನುಮತಿ ಕೊಡುವ ಮೊದಲು ಮಾಲಿನ್ಯ ನಿಯಂತ್ರಣ ಮಂಡಳಿಯು ಕನಿಷ್ಠ ಮೂವತ್ತು ದಿನಗಳ ಮುನ್ಸೂಚನೆಯನ್ನಿತ್ತು ಯೋಜನೆಯ ಸ್ಥಳದ ಬಳಿ ಈ ಸಭೆಯನ್ನು ಕರೆಯಬೇಕು. ಶಾಮಿಯಾನದಡಿ ವೇದಿಕೆಯ ಮೇಲೆ ಜಿಲ್ಲಾಧಿಕಾರಿಗಳೋ ಅವರ ಪ್ರತಿನಿಧಿಯೋ ಕುಳಿತಿರುತ್ತಾರೆ. ನಡಾವಳಿಯ ವಿಡಿಯೋ ಚಿತ್ರೀಕರಣವಾಗುತ್ತಿರುತ್ತದೆ. ನೂರಾರು ಪುಟಗಳ ಪರಿಣಾಮ ವರದಿ ಇಂಗ್ಲಿಷಿನಲ್ಲಿ, ಅದರ ಸಾರಾಂಶ ಮಾತ್ರ ಕನ್ನಡದಲ್ಲಿ. ರೈತ ಎದ್ದುನಿಂತು ತನ್ನ ಅಡಿಕೆ ತೋಟದ ಮೇಲ್ಭಾಗದಲ್ಲಿ ಹುಟ್ಟುವ ಹಳ್ಳದ ವಿಷಯ ಹೇಳುತ್ತಾನೆ. ವರದಿಯಲ್ಲಿ ಆ ಹಳ್ಳವೇ ಇಲ್ಲದಿರಬಹುದು. ಏಕೆಂದರೆ ಮಳೆಗಾಲವನ್ನು ಬಿಟ್ಟು ಒಂದೇ ಋತುವಿನಲ್ಲಿ ಸಂಗ್ರಹಿಸಿದ ಮಾಹಿತಿಯ ಮೇಲೆ ವರದಿ ಬರೆಯುವುದು ಎಷ್ಟೋ ಯೋಜನೆಗಳಲ್ಲಿ ರೂಢಿ. ಆ ರೈತನ ಪಕ್ಕದಲ್ಲಿ ಪಹಣಿಯನ್ನೂ ಗ್ರಾಮ ನಕಾಶೆಯನ್ನೂ ವರದಿಯ ಪುಟವನ್ನೂ ಒಟ್ಟಿಗಿಟ್ಟು ತೋರಿಸಿ, ಆಕ್ಷೇಪವನ್ನು ಲಿಖಿತವಾಗಿ ದಾಖಲಿಸಿ, ಸ್ವೀಕೃತಿ ಪಡೆಯುವ ಒಬ್ಬ ವಕೀಲನಿದ್ದರೆ, ಅಂದಿನ ಮಾತು ದಾಖಲೆಯಾಗಿ ಮುಂದಿನ ಮೇಲ್ಮನವಿಗೆ ಆಧಾರವಾಗುತ್ತದೆ. ಅವನಿಲ್ಲದಿದ್ದರೆ ಅದು ಗಾಳಿಗೆ ಹೇಳಿದ ಮಾತು. ಅನುಮತಿ ಪ್ರಕಟವಾದ ಮೇಲೆ, ಪರಿಸರ ವ್ಯಾಜ್ಯಗಳನ್ನು ವಿಚಾರಿಸುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಲು ಇರುವ ಅವಧಿ ಮೂವತ್ತು ದಿನ. ಸಕಾರಣವಿದ್ದರೆ ಮತ್ತೆ ಅರವತ್ತು. ಅದರಾಚೆಗೆ ಬಾಗಿಲು ಮುಚ್ಚಿತು. ವಕೀಲರನ್ನು ಹುಡುಕಿಕೊಂಡು ಬೆಂಗಳೂರಿಗೂ ಚೆನ್ನೈಗೂ ಅಲೆಯುವಷ್ಟರಲ್ಲಿ ಈ ಅವಧಿ ಕಳೆದುಹೋಗುವುದು ಆಶ್ಚರ್ಯವಲ್ಲ.

ವರದಿಯನ್ನು ಸಾವಧಾನವಾಗಿ ಓದುವುದರ ಬೆಲೆಯೇನೆಂಬುದನ್ನು ಗೋವೆಯ ಮೋಪಾ ವಿಮಾನ ನಿಲ್ದಾಣದ ಪ್ರಕರಣ ತೋರಿಸಿತು. ಅರ್ಜಿಯ ನಮೂನೆಯಲ್ಲಿ ತಿಳಿಸಲೇಬೇಕಾಗಿದ್ದ ಪರಿಸರ ಸಂಗತಿಗಳನ್ನು ತಿಳಿಸಿರಲಿಲ್ಲವೆಂಬ ಕಾರಣದಿಂದ 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದರ ಅನುಮತಿಯನ್ನು ಅಮಾನತಿನಲ್ಲಿಟ್ಟು, ಪುನಃ ಪರಿಶೀಲನೆ ನಡೆದು ಹೆಚ್ಚಿನ ನಿಬಂಧನೆಗಳು ಸೇರಿದ ಮೇಲೆಯೇ 2020ರಲ್ಲಿ ಮುಂದುವರಿಯಗೊಟ್ಟಿತು. ಜಲಮಾಲಿನ್ಯ ಕಾಯಿದೆಯ 21ನೆಯ ಕಲಮು ಇನ್ನೂ ಸೂಕ್ಷ್ಮವಾದುದು. ಕಾರ್ಖಾನೆಯಿಂದ ಹೊರಬರುವ ನೀರಿನ ಮಾದರಿಯನ್ನು ತೆಗೆಯುವ ಅಧಿಕಾರಿ ಆ ಕಾರ್ಖಾನೆಯವರಿಗೆ ಸ್ಥಳದಲ್ಲೇ ನೋಟೀಸು ಕೊಟ್ಟು, ಅವರೆದುರಿಗೆ ಮಾದರಿಯನ್ನು ಎರಡು ಪಾಲುಮಾಡಿ, ಗುರುತುಹಾಕಿ, ಮೊಹರು ಮಾಡಿ, ಉಭಯರ ಸಹಿಯೊಂದಿಗೆ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಈ ಕ್ರಮ ತಪ್ಪಿದರೆ ಫಲಿತಾಂಶ ಎಷ್ಟೇ ಭೀಕರವಾಗಿದ್ದರೂ ಸಾಕ್ಷ್ಯವಾಗಲಾರದು. ಒಂದು ಬಾಟಲಿಯ ಮೊಹರಿನ ಮೇಲೆ ಒಂದು ಹೊಳೆಯ ಭವಿತವ್ಯ ನಿಂತಿರುತ್ತದೆಂಬುದನ್ನು ಬಲ್ಲ ಕಾನೂನು ಅಧಿಕಾರಿ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರತಿಯೊಂದು ಪ್ರಾದೇಶಿಕ ಕಚೇರಿಯಲ್ಲಿಯೂ ಇರತಕ್ಕದ್ದು.

ಪ್ರಕೃತಿಪ್ರೇಮವೊಂದೇ ಇಲ್ಲಿ ಸಾಲದೆಂಬುದಕ್ಕೆ ಬೆಳ್ಳಂದೂರು ಕೆರೆಯ ಬಳಿಯ ಕಟ್ಟಡಗಳ ಮೊಕದ್ದಮೆ ನಿದರ್ಶನ. 2016ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರುಗಳ ಮೀಸಲು ಪ್ರದೇಶವನ್ನು ವಿಧಿಸಿದಾಗ ಕೆರೆಗಳ ಹಿತೈಷಿಗಳೆಲ್ಲ ಸಂತೋಷಪಟ್ಟರು. ಆದರೆ ನಗರ ಯೋಜನಾ ಕಾಯಿದೆಯಂತೆ ರೂಪುಗೊಂಡ ಮಹಾಯೋಜನೆಯ ಅಳತೆಗಳನ್ನು ಬದಲಿಸುವ ಅಧಿಕಾರ ನ್ಯಾಯಮಂಡಳಿಗಿಲ್ಲವೆಂದು 2019ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಭಾಗವನ್ನು ರದ್ದುಗೊಳಿಸಿತು. ಅಂದಮೇಲೆ ಕೆರೆಯನ್ನು ಉಳಿಸಲಿಚ್ಛಿಸುವವನು ಮಹಾಯೋಜನೆ ಸಿದ್ಧವಾಗುವ ಕಾಲದಲ್ಲಿಯೇ ಆಕ್ಷೇಪಣೆಯೊಡನೆ ಹಾಜರಿರಬೇಕು; ಯಾವ ಅಧಿಕಾರ ಯಾವ ಕಾಯಿದೆಯಿಂದ ಹುಟ್ಟುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬ ಶಾಸ್ತ್ರಜ್ಞಾನ ಅವನಲ್ಲಿರಬೇಕು.

ಈ ಜ್ಞಾನವನ್ನು ಗಳಿಸುವ ಮಾರ್ಗಗಳು ಇಂದು ನಿಲುಕದವೇನಲ್ಲ. ಪಿಯುಸಿಯ ನಂತರ ಐದು ವರ್ಷ, ಇಲ್ಲವೇ ಯಾವುದಾದರೂ ಪದವಿಯ ನಂತರ ಮೂರು ವರ್ಷ ಕಾನೂನು ಓದಿ, ವಕೀಲರ ಪರಿಷತ್ತಿನಲ್ಲಿ ಸನ್ನದು ಪಡೆಯಬಹುದು. ಪರಿಸರ ಕಾನೂನು ಪಠ್ಯಕ್ರಮದಲ್ಲಿ ಕಡ್ಡಾಯ ವಿಷಯವೇ ಆಗಿದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ 1997ರಿಂದ ಪರಿಸರ ಕಾನೂನಿಗಾಗಿಯೇ ಒಂದು ಅಧ್ಯಯನ ಕೇಂದ್ರವಿದೆ. ಭೂವಿಜ್ಞಾನವನ್ನೋ ಸಸ್ಯಶಾಸ್ತ್ರವನ್ನೋ ರಸಾಯನಶಾಸ್ತ್ರವನ್ನೋ ಓದಿ ಕಾನೂನಿಗೆ ಬರುವ ವಿದ್ಯಾರ್ಥಿಗೆ ಇಲ್ಲಿ ವಿಶೇಷ ಅನುಕೂಲ. ಏಕೆಂದರೆ 2010ರಲ್ಲಿ ಸ್ಥಾಪಿತವಾದ ಹಸಿರು ನ್ಯಾಯಮಂಡಳಿಯಲ್ಲಿ ನ್ಯಾಯಾಧೀಶರ ಜೊತೆಗೆ ವಿಜ್ಞಾನಗಳಲ್ಲಿ ಪರಿಣತರಾದ ಸದಸ್ಯರೂ ಕುಳಿತು ವಾದವನ್ನು ಕೇಳುತ್ತಾರೆ. ಸಂಶೋಧನೆ, ಬೋಧನೆ, ಸರ್ಕಾರಿ ವಕೀಲಿ, ಮಾಲಿನ್ಯ ಮಂಡಳಿಯ ಸೇವೆ, ಅರಣ್ಯ ಹಕ್ಕು ಸಮಿತಿಗಳಿಗೆ ನೆರವು ಎಂಬ ಕವಲುಗಳೂ ಇವೆ.

ಉದ್ಯಮಗಳ ಪರವಾಗಿ ಕೆಲಸ ಮಾಡುವುದನ್ನು ಕೆಲವರು ಪರಿಸರದ್ರೋಹವೆಂದು ಭಾವಿಸುತ್ತಾರೆ. ಈ ಭಾವನೆಯನ್ನು ನಾನು ಒಪ್ಪಲಾರೆ. ಷೇರುಪೇಟೆಯ ಮೊದಲ ಸಾವಿರ ಕಂಪೆನಿಗಳು ತಮ್ಮ ಪರಿಸರ ನಡವಳಿಕೆಯ ವರದಿಯನ್ನು ವರ್ಷವರ್ಷವೂ ಸೆಬಿಯ ವಿಧಿಯಂತೆ ಪ್ರಕಟಿಸಬೇಕಾದ ಈ ಕಾಲದಲ್ಲಿ, ಕಾರ್ಖಾನೆ ಕಟ್ಟುವ ಮೊದಲೇ 'ಇಲ್ಲಿ ಬೇಡ, ಇದು ಕೆರೆಯ ಅಂಗಳ' ಎಂದು ತನ್ನ ಕಕ್ಷಿದಾರನಿಗೆ ನಿರ್ಭಯವಾಗಿ ಹೇಳುವ ವಕೀಲನು, ಕಟ್ಟಿದ ಮೇಲೆ ಹೋರಾಡುವ ಹತ್ತು ಮೊಕದ್ದಮೆಗಳಷ್ಟು ಉಪಕಾರವನ್ನು ಮಾಡಿರುತ್ತಾನೆ.

ಜಿಲ್ಲಾ ವಕೀಲನಿಗೆ ಮತ್ತೊಂದು ಸಾಮರ್ಥ್ಯವಿದೆ. ಅದು ಅವನ ಕನ್ನಡ. 2020ರಲ್ಲಿ ಕೇಂದ್ರ ಸರ್ಕಾರ ಪರಿಸರ ಪರಿಣಾಮ ಅಧಿಸೂಚನೆಯ ಹೊಸ ಕರಡನ್ನು ಹೊರಡಿಸಿದಾಗ, ಅದನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಿಗೆಲ್ಲ ಅನುವಾದಿಸಬೇಕೆಂದು ದೆಹಲಿ ಉಚ್ಚ ನ್ಯಾಯಾಲಯ ಆದೇಶಿಸಿತು. ನಮ್ಮ ಉಚ್ಚ ನ್ಯಾಯಾಲಯವೂ ಪ್ರಾದೇಶಿಕ ಭಾಷೆಗಳಲ್ಲಿ ಪ್ರಚಾರ ಸಾಲದಾಯಿತೆಂಬ ಪ್ರಶ್ನೆಯನ್ನು ಗಣಿಸಿ ಅಂತಿಮ ಅಧಿಸೂಚನೆಯನ್ನು ಸದ್ಯಕ್ಕೆ ಹೊರಡಿಸದಂತೆ ತಡೆಯಿತು. ತಿಳಿಯದ ಭಾಷೆಯಲ್ಲಿ ಕೇಳಿದ ಅಭಿಪ್ರಾಯ ಅಭಿಪ್ರಾಯವೇ ಅಲ್ಲವೆಂಬ ತತ್ತ್ವ ಇದರಲ್ಲಿದೆ. ಕಾಯಿದೆಯ ಅರ್ಥವನ್ನು ಗ್ರಾಮಸಭೆಯಲ್ಲಿ ಸುಲಭವಾದ ಕನ್ನಡದಲ್ಲಿ ವಿವರಿಸಿ, ಅಲ್ಲಿಯ ಹಿರಿಯರ ತಿಳಿವಳಿಕೆಯನ್ನು ನ್ಯಾಯಮಂಡಳಿಯ ಪ್ರಮಾಣಪತ್ರವಾಗಿ ಬರೆಯಬಲ್ಲವನು ಎರಡು ಲೋಕಗಳಿಗೂ ಬೇಕಾದವನು.

ಜೀವನೋಪಾಯದ ಪ್ರಶ್ನೆಯನ್ನು ಮರೆಮಾಚುವುದು ಸರಿಯಲ್ಲ. ಹಸಿರು ನ್ಯಾಯಮಂಡಳಿಯಲ್ಲಿ ಪರಿಹಾರಧನ ಕೇಳದ ಅರ್ಜಿಗೆ ಶುಲ್ಕ ಒಂದು ಸಾವಿರ ರೂಪಾಯಿ ಮಾತ್ರ. ಆದರೆ ವಕೀಲನ ಪ್ರಯಾಣ, ನಕಲು, ತಜ್ಞರ ಅಭಿಪ್ರಾಯ, ತಿಂಗಳುಗಳ ಶ್ರಮ ಇವುಗಳ ಭಾರವನ್ನು ಹಳ್ಳಿಯ ಜನ ಹೊರಲಾರರು. ಕಿರಿಯ ವಕೀಲನ ಮೊದಲ ವರ್ಷಗಳು ಎಲ್ಲೆಡೆಯೂ ಕಷ್ಟದವೇ; ಈ ಕ್ಷೇತ್ರದಲ್ಲಿ ಅವು ಮತ್ತಷ್ಟು ದೀರ್ಘ. ಆದಕಾರಣ ಈ ಹೊರೆಯನ್ನು ಯುವಕರ ತ್ಯಾಗಬುದ್ಧಿಯ ಮೇಲೆ ಮಾತ್ರ ಹೊರಿಸಿ ನಾವು ಸುಮ್ಮನಿರಲಾಗದು. 1987ರ ಕಾಯಿದೆಯಂತೆ ರಚಿತವಾದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳು ಪರಿಸರ ಪ್ರಕರಣಗಳಿಗಾಗಿ ಪ್ರತ್ಯೇಕ ವಕೀಲರ ಪಟ್ಟಿಯನ್ನು ಮಾಡಿ ಯೋಗ್ಯ ಸಂಭಾವನೆ ಕೊಡಲಿ. ಸಾರ್ವಜನಿಕ ಆಲಿಕೆಯ ಸೂಚನೆ ಹೊರಟ ದಿನದಿಂದಲೇ ಬಾಧಿತ ಗ್ರಾಮ ಪಂಚಾಯಿತಿಗೆ ಅಂತಹ ಒಬ್ಬ ವಕೀಲನ ನೆರವು ದೊರೆಯಲಿ. ವರದಿ ಸಮಗ್ರವಾಗಿ ಕನ್ನಡದಲ್ಲಿ ಲಭಿಸಲಿ. ಜಿಲ್ಲೆಗಳ ಕಾನೂನು ಕಾಲೇಜುಗಳು ವಿದ್ಯಾರ್ಥಿಗಳನ್ನು ಅಣಕು ನ್ಯಾಯಾಲಯಕ್ಕೆ ಕಳುಹಿಸುವಷ್ಟೇ ಶ್ರದ್ಧೆಯಿಂದ ಆಲಿಕೆ ಸಭೆಗಳಿಗೂ ಕಳುಹಿಸಲಿ. ಇವಾವುದಕ್ಕೂ ಹೊಸ ಕಾಯಿದೆ ಬೇಕಿಲ್ಲ. ಸರ್ಕಾರದ ಆದೇಶ, ವಿಶ್ವವಿದ್ಯಾನಿಲಯದ ಸುತ್ತೋಲೆ, ವಕೀಲರ ಸಂಘಗಳ ಮನಸ್ಸು ಇಷ್ಟಿದ್ದರೆ ಸಾಕು.

ಮಕ್ಕಳ ಮುಂದಿನ ದಾರಿಯನ್ನು ಕುರಿತು ಆಲೋಚಿಸುತ್ತಿರುವ ತಂದೆತಾಯಿಗಳಲ್ಲಿ ನನ್ನ ಬಿನ್ನಹವಿಷ್ಟೆ. ನಿಮ್ಮ ಮಗಳು ಓದಿನಲ್ಲಿ ಚುರುಕಾಗಿದ್ದು, ಅನ್ಯಾಯವನ್ನು ಕಂಡು ಸುಮ್ಮನಿರಲಾರದವಳಾಗಿದ್ದು, ದೀರ್ಘ ಕಡತಗಳಿಗೆ ಬೇಸರಿಸದ ತಾಳ್ಮೆಯುಳ್ಳವಳಾಗಿದ್ದರೆ, ಪರಿಸರ ಕಾನೂನನ್ನು ಓದಲು ಅವಳನ್ನು ಹುರಿದುಂಬಿಸಿರಿ. ಓದಿ ಮುಗಿಸಿದ ಮೇಲೆ ನಿಮ್ಮ ಜಿಲ್ಲೆಯಲ್ಲಿಯೇ ಕಚೇರಿ ತೆರೆಯಲು ಬೆಂಬಲವಾಗಿ ನಿಲ್ಲಿರಿ. ಅವಳಿಗೆ ಬೇಕಾದ ಮೊಕದ್ದಮೆಗಳು ಆಗಲೇ ಅಲ್ಲಿ ಕಾದಿವೆ.